ಬೇಗಡೆ ಹಾಳೆ: ಮೂರು ಗುಣ, ನೂರು ಕೆಲಸ

ಅತ್ತಿಬೆಲೆ ದಾಟಿ ತಮಿಳುನಾಡಿಗೆ ಕಾಲಿಟ್ಟರೆ ಮೊದಲು ಸಿಗುವ ಊರು ಜೂಜುವಾಡಿ. ಒಂದು ಕಡೆ ಚೆಕ್‌ಪೋಸ್ಟ್, ಇನ್ನೊಂದು ಕಡೆ ಸಿಪ್ಕಾಟ್ ಕಾರ್ಖಾನೆಗಳು, ನಡುವೆ ಹಗಲು ರಾತ್ರಿಯೆನ್ನದೆ ಲಾರಿ ಓಡುವ 44ನೇ ನಂಬರಿನ ಹೆದ್ದಾರಿ. ಇಂಥ ಊರಿನಲ್ಲಿ ಬಹಳ ಜನರ ಊಟ ಪಾರ್ಸೆಲ್ ರೂಪದಲ್ಲೇ ನಡೆಯುತ್ತದೆ. ಶಿಫ್ಟ್ ಬಿಡುವ ಹೊತ್ತಿನ ಪಾರ್ಸೆಲ್ ಚೀಲವೊಂದನ್ನು ಬಿಚ್ಚಿ ನೋಡಿ: ಬಿರಿಯಾನಿ ಬೆಳ್ಳಿಬಣ್ಣದ ಡಬ್ಬಿಯಲ್ಲಿ, ಪರೋಟ ಬೆಳ್ಳಿಬಣ್ಣದ ಹಾಳೆಯಲ್ಲಿ, ಬಿಸಿ ಸಾಂಬಾರು ಬೆಳ್ಳಿಬಣ್ಣದ ಕವರಿನಲ್ಲಿ, ಮಗುವಿಗೆಂದು ಕೊಂಡ ಚಿಪ್ಸ್ ಕೂಡ ಒಳಗೆಲ್ಲ ಮಿರಮಿರ ಮಿಂಚುವ ಪೊಟ್ಟಣದಲ್ಲಿ. ಕಣ್ಣಿಗೆ ನಾಲ್ಕೂ ಒಂದೇ ಜಾತಿ. ಆದರೆ ಮೊದಲಿನ ಎರಡು ಮಾತ್ರ ನಿಜವಾದ ಅಲ್ಯುಮಿನಿಯಂ. ಸಾಂಬಾರಿನ ಕವರು ಮತ್ತು ಚಿಪ್ಸ್ ಪೊಟ್ಟಣ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ಅದರ ಮೇಲೆ ಹೆಸರಿಗಷ್ಟೇ ಲೋಹದ ಲೇಪವಿರುತ್ತದೆ.

ಯಾವುದು ಯಾವುದೆಂದು ತಿಳಿಯಲು ಪ್ರಯೋಗಶಾಲೆ ಬೇಡ. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಚುಕಿ, ಕೈ ಬಿಡಿ. ಉಂಡೆಯಾಗಿಯೇ ಕೂತರೆ ಅದು ಫಾಯಿಲ್. ಚಟಪಟ ಸದ್ದು ಮಾಡುತ್ತ ಮತ್ತೆ ಅರಳಿಕೊಂಡರೆ ಅದು ಲೇಪದ ಪ್ಲಾಸ್ಟಿಕ್. ಪ್ಲಾಸ್ಟಿಕ್ ಹಾಳೆಯನ್ನು ಗಾಳಿ ತೆಗೆದ ಕೋಣೆಯಲ್ಲಿ ಹಾಯಿಸಿ, ಅದರ ಮೇಲೆ ಅಲ್ಯುಮಿನಿಯಂ ಆವಿ ಕೂರಿಸಿ ಈ ಲೇಪ ಮಾಡುತ್ತಾರೆ. ಅದರ ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕರ್ನಾಟಕ 2016ರ ಮಾರ್ಚಿನಲ್ಲಿ, ತಮಿಳುನಾಡು 2019ರ ಜನವರಿ 1ರಿಂದ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಹಾಕಿದವು. ಗಡಿಯ ಎರಡೂ ಬದಿಯ ಕಾನೂನು ಕಂಡಿರುವ ಊರಿನವರಿಗೆ ಈ ಹಿಚುಕುವ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಬೆಳ್ಳಿಬಣ್ಣವಿದ್ದ ಮಾತ್ರಕ್ಕೆ ಅದು ಪ್ಲಾಸ್ಟಿಕ್ ಅಲ್ಲವೆಂದು ನಂಬಬೇಕಾಗಿಲ್ಲ.

ಇಂಟರ್ನೆಟ್ಟಿನಲ್ಲಿ ಫಾಯಿಲಿನ ಉಪಯೋಗಗಳ ಪಟ್ಟಿಗೆ ಲೆಕ್ಕವಿಲ್ಲ. ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಅಪಾಯ. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಹಾಳೆಯ ಮೂರು ಗುಣ ತಿಳಿದುಕೊಂಡರೆ ಸಾಕು. ಅದು ಗಾಳಿ, ಬೆಳಕು, ತೇವ ಯಾವುದನ್ನೂ ಒಳಗೆ ಬಿಡದು. ಶಾಖದ ಕಿರಣಗಳನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ಮತ್ತು ಎಷ್ಟೇ ತೆಳ್ಳಗಿದ್ದರೂ ಅದು ಲೋಹ: ವಿದ್ಯುತ್ ಹರಿಸುತ್ತದೆ, ಹುಳಿ ಉಪ್ಪು ಸೋಡಾದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಯಾವ ಉಪಾಯ ಫಲಿಸೀತು, ಯಾವುದು ಕೈಸುಟ್ಟೀತು ಎಂಬುದನ್ನು ಈ ಮೂರರಿಂದಲೇ ಹೇಳಬಹುದು.

ಹಾಳೆ ಹುಟ್ಟುವ ಬಗೆ

ಅಲ್ಯುಮಿನಿಯಂ ಗಟ್ಟಿಯನ್ನು ಕಾಯಿಸಿ ಉರುಳೆಗಳ ನಡುವೆ ಹಾಯಿಸುತ್ತಾರೆ. ಆಮೇಲೆ ತಣ್ಣಗಿನ ಉರುಳೆಗಳಲ್ಲಿ ಮತ್ತೆ ಮತ್ತೆ. ಹಾಯಿಸಿದಷ್ಟೂ ತೆಳುವಾಗುತ್ತದೆ. 0.2 ಮಿಲಿಮೀಟರಿಗಿಂತ ತೆಳುವಾದರೆ ಅದಕ್ಕೆ ಫಾಯಿಲ್ ಎಂದು ಹೆಸರು. ಅಡುಗೆಮನೆಯ ರೋಲು ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್. ನಮ್ಮ ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ. ಇಷ್ಟು ತೆಳುವಾದ ಹಾಳೆಯನ್ನು ಒಂಟಿಯಾಗಿ ಹಾಯಿಸಿದರೆ ಹರಿದುಹೋಗುತ್ತದೆಂದು ಕೊನೆಯ ಸುತ್ತಿನಲ್ಲಿ ಎರಡೆರಡು ಹಾಳೆ ಜೋಡಿಸಿ ಹಾಯಿಸುತ್ತಾರೆ. ಉರುಳೆಗೆ ತಾಗಿದ ಮುಖ ಫಳಫಳ ಹೊಳೆಯುತ್ತದೆ, ಒಂದಕ್ಕೊಂದು ತಾಗಿದ ಮುಖ ಮಂಕಾಗಿ ಉಳಿಯುತ್ತದೆ. ಹೊಳೆಯುವ ಮುಖ ಒಳಗಿರಬೇಕೋ ಹೊರಗಿರಬೇಕೋ ಎಂಬ ಮನೆಮನೆಯ ವಾದಕ್ಕೆ ಇಷ್ಟೇ ಉತ್ತರ. ಎರಡರ ಗುಣದಲ್ಲಿ ಅಡುಗೆಗೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಕೊನೆಗೆ ಸುರುಳಿಯನ್ನು ಒಲೆಯಲ್ಲಿಟ್ಟು ಹದಗೊಳಿಸುತ್ತಾರೆ. ಉರುಳೆಯ ಎಣ್ಣೆ ಆರಿಹೋಗುತ್ತದೆ, ಹಾಳೆ ಮೆತ್ತಗಾಗಿ ಹೇಳಿದಂತೆ ಮಡಿಸಿಕೊಳ್ಳುತ್ತದೆ.

ಮೊದಲು ಇಂಥ ಕೆಲಸಕ್ಕೆ ತವರದ ಹಾಳೆಯಿತ್ತು. 1910ರಲ್ಲಿ ಸ್ವಿಟ್ಜರ್ಲೆಂಡಿನ ಎಮ್ಮಿಸ್‌ಹೋಫೆನ್‌ನಲ್ಲಿ ಅಲ್ಯುಮಿನಿಯಂ ಹಾಳೆಯ ಮೊದಲ ಕಾರ್ಖಾನೆ ಶುರುವಾಯಿತು. ಮರುವರ್ಷವೇ ಅಲ್ಲಿನ ಟೋಬ್ಲರ್ ಕಂಪನಿಯ ಚಾಕೊಲೇಟು ಅದನ್ನು ಸುತ್ತಿಕೊಂಡಿತು. ಅಮೆರಿಕದಲ್ಲಿ ರೆನಾಲ್ಡ್ಸ್ ಕಂಪನಿ ಅಡುಗೆಮನೆಗೆಂದೇ ರೋಲು ತಂದದ್ದು 1947ರಲ್ಲಿ.

ನಮ್ಮ ಸೀಮೆಗೆ ಅಲ್ಯುಮಿನಿಯಂ ಬಂದದ್ದು ಹಾಳೆಗಿಂತ ಮುಂಚೆ, ಪಾತ್ರೆಯ ರೂಪದಲ್ಲಿ. ಜೂಜುವಾಡಿಯ ಪಕ್ಕದ ಹೊಸೂರು ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಮದ್ರಾಸಿನ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್‌ಟನ್ 1898ರ ಸುಮಾರಿಗೆ ಆ ಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡಿಸುವ ಪ್ರಯೋಗ ಶುರುಮಾಡಿದರು. ಕಲಾಯಿಯ ಕಾಟವಿಲ್ಲದ, ಹಗುರವಾದ ಪಾತ್ರೆ ಜನಕ್ಕೆ ಹಿಡಿಸಿತು. ಎರಡೇ ವರ್ಷದಲ್ಲಿ ಅದಕ್ಕೊಂದು ಕಂಪನಿಯೂ ಹುಟ್ಟಿತು. ಇದೇ ಚಾಟರ್‌ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದು, ಶ್ರೀಗಂಧದ ಎಣ್ಣೆಯ ಕಾರ್ಖಾನೆ ಕಟ್ಟಿದವರಲ್ಲಿ ಒಬ್ಬರಾದರು.

ಲೋಹ ತೆಗೆಯುವ ಕೆಲಸವೂ ನಮ್ಮ ಹತ್ತಿರವೇ ನಡೆದಿತ್ತು. ಹೊಗೇನಕಲ್ ಇಳಿದ ಕಾವೇರಿ ಮೆಟ್ಟೂರಿನಲ್ಲಿ ನಿಲ್ಲುತ್ತಾಳಲ್ಲ, ಆ ಅಣೆಕಟ್ಟಿನ ಪಕ್ಕದಲ್ಲಿ ಮದ್ರಾಸ್ ಅಲ್ಯುಮಿನಿಯಂ ಕಂಪನಿ 1960ರ ದಶಕದಿಂದ ಅಲ್ಯುಮಿನಿಯಂ ಕರಗಿಸುತ್ತಿತ್ತು. ಅದುರು ಬರುತ್ತಿದ್ದುದು ಏರ್ಕಾಡಿನ ಶೇವರಾಯ ಬೆಟ್ಟ ಮತ್ತು ಕೊಲ್ಲಿಮಲೆಯಿಂದ. 2008ರಲ್ಲಿ ಆ ಒಲೆ ಆರಿತು. ಅಣೆಕಟ್ಟಿನ ಪಕ್ಕವೇ ಏಕೆ ಎಂದರೆ ಈ ಲೋಹದ ಹಸಿವು ಕರೆಂಟಿನದು. ಮಣ್ಣಿನಲ್ಲಿ ಅಲ್ಯುಮಿನಿಯಂಗೆ ಬರವಿಲ್ಲ, ಭೂಮಿಯ ಹೊರಪದರದ ತೂಕದಲ್ಲಿ ಶೇಕಡಾ 8ರಷ್ಟು ಅದೇ. ಆದರೆ ಆಮ್ಲಜನಕದ ಹಿಡಿತದಿಂದ ಅದನ್ನು ಬಿಡಿಸಲು ಕಿಲೋಗೆ 13ರಿಂದ 15 ಯೂನಿಟ್ ವಿದ್ಯುತ್ ಬೇಕು. ಒಂದು ಟನ್ ಲೋಹಕ್ಕೆ ಸುಮಾರು 4 ಟನ್ ಬಾಕ್ಸೈಟ್ ಹೋಗುತ್ತದೆ. ನಿಮ್ಮ ಅಡುಗೆಮನೆಯ ಒಂಬತ್ತು ಮೀಟರಿನ ರೋಲು 11 ಮೈಕ್ರಾನ್ ದಪ್ಪ, 30 ಸೆಂಟಿಮೀಟರ್ ಅಗಲ ಇದ್ದರೆ ತೂಕ 80 ಗ್ರಾಂ. ಅಂದರೆ ಅದರೊಳಗೆ ಒಂದು ಯೂನಿಟ್‌ಗೂ ಮಿಗಿಲಾದ ಕರೆಂಟ್ ಸೇರಿದೆ; ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ನೂರು ಗಂಟೆ ಉರಿಯುವಷ್ಟು.

ಒಳಗೆ ಬಿಡದ ಗುಣ

ಕೃಷ್ಣಗಿರಿಯ ಮಾವಿನ ಸುಗ್ಗಿಯಲ್ಲಿ ತೋತಾಪುರಿ ಹಣ್ಣು ಲೋಡುಗಟ್ಟಲೆ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ತಿರುಳನ್ನು ಕಾಯಿಸಿ, ತಣಿಸಿ, ಕ್ರಿಮಿರಹಿತ ಚೀಲಕ್ಕೆ ತುಂಬಿ ಡ್ರಮ್ಮಿನಲ್ಲಿಡುತ್ತಾರೆ. ಹಡಗು ಹತ್ತಿ ಹೋಗುವ ಆ ತಿರುಳು ತಿಂಗಳುಗಟ್ಟಲೆ ಕೆಡದೆ ಇರುವುದರಲ್ಲಿ ಚೀಲದ ಪದರಗಳ ನಡುವೆ ಅಡಗಿರುವ ಅಲ್ಯುಮಿನಿಯಂನ ಪಾಲು ದೊಡ್ಡದು. ಪ್ಲಾಸ್ಟಿಕ್ ಒಂದೇ ಇದ್ದರೆ ಆಮ್ಲಜನಕ ನಿಧಾನವಾಗಿ ನುಸುಳಿ ತಿರುಳಿನ ಬಣ್ಣ, ವಾಸನೆ ಕೆಡಿಸುತ್ತದೆ. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಗೆ ಫಾಯಿಲ್ ಇರುವುದೂ ಇದೇ ಕಾರಣಕ್ಕೆ. ಸ್ಟ್ರಿಪ್ ಹರಿದು ಮಾತ್ರೆಗಳನ್ನು ಡಬ್ಬಿಗೆ ಸುರಿದಿಟ್ಟುಕೊಳ್ಳುವ ಅಭ್ಯಾಸ ಬಿಡುವುದು ಒಳ್ಳೆಯದು.

ಮನೆಯಲ್ಲಿ ಈ ಗುಣದ ಲಾಭ ಫಿಲ್ಟರ್ ಕಾಫಿಪುಡಿ, ಇಂಗು, ಗಸಗಸೆಯಂಥ ವಾಸನೆ ಹಾರುವ, ಎಣ್ಣೆ ಮುಗ್ಗುವ ಸಾಮಾನಿಗೆ. ಕಾಫಿಪುಡಿ ಪೊಟ್ಟಣ ಒಡೆದ ಮೇಲೆ ಬಾಯಿ ಮಡಿಸಿ, ಮೇಲೆ ಎರಡು ಸುತ್ತು ಫಾಯಿಲ್ ಒತ್ತಿ ಡಬ್ಬಿಗೆ ಹಾಕಿ. ಫ್ರೀಜರಿನಲ್ಲಿ ಇಡುವ ತುರಿದ ಕಾಯಿಗೂ ಇದು ಸರಿ. ಬಾಳೆಗೊನೆಯ ತೊಟ್ಟಿಗೆ ಫಾಯಿಲ್ ಸುತ್ತಿದರೆ ಹಣ್ಣು ಬೇಗ ಕಪ್ಪಾಗದು ಎಂಬ ಮಾತಿದೆ. ಹಣ್ಣು ಮಾಗಿಸುವ ಎಥಿಲೀನ್ ಅನಿಲ ತೊಟ್ಟಿನಿಂದ ಮಾತ್ರವಲ್ಲ, ಸಿಪ್ಪೆಯಿಂದಲೂ ಬರುವುದರಿಂದ ಲಾಭ ಅಲ್ಪ. ಹಣ್ಣುಗಳನ್ನು ಬಿಡಿಬಿಡಿಯಾಗಿ ತಂಪಾದ ಕಡೆ ಇಡುವುದು ಮೇಲು.

ಚಪಾತಿಗೆ ಬಂದರೆ ಇದೇ ಗುಣ ತಿರುಗಿ ಹೊಡೆಯುತ್ತದೆ. ಹೆಂಚಿನಿಂದ ತೆಗೆದ ಚಪಾತಿಯನ್ನು ನೇರವಾಗಿ ಫಾಯಿಲಿಗೆ ಸುತ್ತಿದರೆ ಹಬೆ ಹೊರಗೆ ಹೋಗಲಾರದೆ ನೀರಾಗಿ ಚಪಾತಿಗೇ ಇಳಿಯುತ್ತದೆ. ಮೊದಲು ಒಂದು ನಿಮಿಷ ಆರಲು ಬಿಟ್ಟು, ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ, ಆಮೇಲೆ ಫಾಯಿಲ್ ಸುತ್ತಿ. ಹಬೆ ಬಟ್ಟೆಗೆ, ಬಿಸಿ ಚಪಾತಿಗೆ. ರಾತ್ರಿಪಾಳಿಯವರ ಬುತ್ತಿ ಹೀಗೆ ಕಟ್ಟಿದರೆ ಊಟದ ಬಿಡುವಿನವರೆಗೂ ಮೆತ್ತಗಿರುತ್ತದೆ.

ಶಾಖ ಹಿಂದಿರುಗಿಸುವ ಗುಣ

ಕಾರ್ಖಾನೆ ಸುತ್ತಲಿನ ಬಾಡಿಗೆ ಮನೆಗಳಲ್ಲಿ ಶೀಟಿನ ಸೂರು ಸಾಮಾನ್ಯ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಹಾಕಿದರೂ ನೆತ್ತಿ ಸುಡುತ್ತದೆ. ಕಾದ ಶೀಟು ಕಣ್ಣಿಗೆ ಕಾಣದ ಶಾಖಕಿರಣಗಳನ್ನು ನೇರ ಕೆಳಗೆ ಸುರಿಸುವುದೇ ಇದಕ್ಕೆ ಕಾರಣ. ಹೊಳಪಿನ ಅಲ್ಯುಮಿನಿಯಂ ಇಂಥ ಕಿರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ವಾಪಸು ಕಳಿಸುತ್ತದೆ, ತಾನು ಬಿಸಿಯಾದರೂ ಬಹಳ ಕಡಿಮೆ ಕಿರಣ ಹೊರಸೂಸುತ್ತದೆ. ಕಾರ್ಖಾನೆ ಶೆಡ್ಡುಗಳ ಒಳಗೆ ಸೂರಿನ ಕೆಳಗೆ ಗಾಳಿಗುಳ್ಳೆಗಳಿರುವ ಬೆಳ್ಳಿಬಣ್ಣದ ಹಾಳೆ ಕಟ್ಟಿರುವುದನ್ನು ನೀವು ನೋಡಿರಬಹುದು. ಅದೇ ಹಾಳೆ ಅಂಗಡಿಯಲ್ಲಿ ಸುರುಳಿಯಾಗಿ ಸಿಗುತ್ತದೆ, ಮನೆಗೂ ಕಟ್ಟಬಹುದು.

ಕಟ್ಟುವಾಗ ಗಮನಿಸಬೇಕಾದ್ದು ಒಂದೇ: ಶೀಟಿಗೂ ಹಾಳೆಗೂ ನಡುವೆ ಎರಡು ಮೂರು ಬೆರಳಷ್ಟಾದರೂ ಗಾಳಿಯ ಜಾಗ ಬೇಕು. ಶೀಟಿಗೆ ಅಂಟಿಸಿಬಿಟ್ಟರೆ ಶಾಖ ಮುಟ್ಟುವುದರಿಂದಲೇ ದಾಟಿಬಿಡುತ್ತದೆ, ಹಣ ದಂಡ. ಹೊಳೆಯುವ ಮುಖ ಕೆಳಕ್ಕಿದ್ದರೆ ಧೂಳು ಕೂರುವುದಿಲ್ಲ. ಅಡುಗೆಮನೆಯ ರೋಲು ಈ ಕೆಲಸಕ್ಕೆ ತೀರಾ ತೆಳು, ಅದು ಕಿಟಕಿಗೆ ಸರಿ. ಪಡುವಣ ಕಿಟಕಿಯ ಅಳತೆಗೆ ರಟ್ಟು ಕತ್ತರಿಸಿ, ಫಾಯಿಲ್ ಅಂಟಿಸಿ, ಮಧ್ಯಾಹ್ನದ ಮೇಲೆ ಗಾಜಿನ ಕಡೆಗೆ ಮುಖಮಾಡಿ ನಿಲ್ಲಿಸಿ. ಸಂಜೆ ತೆಗೆದಿಟ್ಟರಾಯಿತು. ಅದೇ ರಟ್ಟನ್ನು ಬಾಲ್ಕನಿಯ ಮೂಲೆಯಲ್ಲಿ ಬೆಳಕು ಸಾಲದೆ ಒಂದೇ ಕಡೆಗೆ ಬಾಗಿದ ಟೊಮೆಟೊ ಸಸಿಯ ಹಿಂದೆ ಇಟ್ಟರೆ ನೆರಳಿನ ಬದಿಗೂ ಬೆಳಕು ಸಿಗುತ್ತದೆ. ಇಸ್ತ್ರಿ ಮೇಜಿನ ಬಟ್ಟೆಯ ಕೆಳಗೆ ಒಂದು ಹಾಸು ಫಾಯಿಲ್ ಹಾಕಿದರೆ ಶಾಖ ಕೆಳಗಿನಿಂದಲೂ ಬಂದು ಹತ್ತಿ ಶರ್ಟಿನ ಸುಕ್ಕು ಬೇಗ ಬಿಡುತ್ತದೆ.

ಲೋಹವೆಂಬ ಗುಣ

ಗೌರಿಹಬ್ಬಕ್ಕೆ ಮುಂಚೆ ಬೆಳ್ಳಿಸಾಮಾನು ತೆಗೆದರೆ ದೀಪ, ಪಂಚಪಾತ್ರೆ, ಕುಂಕುಮಭರಣಿ ಎಲ್ಲವೂ ಕಪ್ಪು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಆಗುವ ಪೊರೆ ಅದು. ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಿದರೆ ಪೊರೆಯ ಜೊತೆಗೆ ಒಂದಿಷ್ಟು ಬೆಳ್ಳಿಯೂ ಚರಂಡಿಗೆ ಹೋಗುತ್ತದೆ. ಫಾಯಿಲಿನ ದಾರಿ ಬೇರೆ. ಅಗಲವಾದ ಪ್ಲಾಸ್ಟಿಕ್ ಇಲ್ಲವೇ ಗಾಜಿನ ಬೋಗುಣಿಯ ತಳಕ್ಕೆ ಫಾಯಿಲ್ ಹಾಸಿ. ಬೆಳ್ಳಿಯನ್ನು ಅದಕ್ಕೆ ತಾಗುವಂತೆ ಇಡಿ, ತಾಗದಿದ್ದರೆ ಕೆಲಸವಾಗದು. ಮೇಲೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು ಉದುರಿಸಿ, ಒಂದು ಲೀಟರಿನಷ್ಟು ಕುದಿಬಂದ ನೀರನ್ನು ನಿಧಾನವಾಗಿ ಹೊಯ್ಯಿರಿ. ಬುರುಬುರು ನೊರೆ ಏಳುತ್ತದೆ, ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬರುತ್ತದೆ. ಬೆಳ್ಳಿಯನ್ನು ಗಂಧಕ ಬಿಟ್ಟು ಹೊರಟಿತು ಎನ್ನುವುದಕ್ಕೆ ಅದೇ ಗುರುತು. ಕೆಲವೇ ನಿಮಿಷದಲ್ಲಿ ದೀಪದ ಕಪ್ಪು ಅಂಚಿನಿಂದ ಸರಿಯುತ್ತ ಹೋಗಿ ಬಿಳುಪು ಬರುತ್ತದೆ, ಫಾಯಿಲ್ ಮಂಕಾಗುತ್ತದೆ. ಅಲ್ಯುಮಿನಿಯಂಗೆ ಗಂಧಕದ ಮೇಲೆ ಬೆಳ್ಳಿಗಿಂತ ಹೆಚ್ಚು ಮೋಹ. ಹಾಗಾಗಿ ಗಂಧಕ ಅತ್ತ ಹೋಗಿ, ಬೆಳ್ಳಿ ಬೆಳ್ಳಿಯಾಗಿಯೇ ಪಾತ್ರೆಯಲ್ಲಿ ಉಳಿಯುತ್ತದೆ. ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಮುತ್ತು, ಹವಳ, ಅಂಟಿಸಿದ ಹರಳು, ಒಳಗೆ ಅರಗು ತುಂಬಿದ ಒಡವೆಗೆ ಈ ಸ್ನಾನ ಬೇಡ. ಕೆತ್ತನೆ ಎದ್ದು ಕಾಣಲೆಂದು ಬೇಕಂತಲೇ ಕಪ್ಪು ಮಾಡಿದ ಒಡವೆಗೂ ಬೇಡ, ಅಂದವೇ ತೊಳೆದುಹೋಗುತ್ತದೆ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯೇ ಇಲ್ಲ, ಇರುವುದು ತಾಮ್ರ, ಸತು, ನಿಕ್ಕಲ್. ಅದಕ್ಕೆ ಈ ಉಪಾಯ ಹೇಳಿದ್ದಲ್ಲ.

ಬೈಕಿನ ಹ್ಯಾಂಡಲ್, ಸೈಕಲ್ಲಿನ ರಿಮ್ಮಿನ ಕ್ರೋಮ್ ಮೇಲೆ ಚುಕ್ಕೆ ಚುಕ್ಕೆ ತುಕ್ಕಿದ್ದರೆ ಫಾಯಿಲನ್ನು ಮುದ್ದೆಮಾಡಿ ನೀರಲ್ಲಿ ಅದ್ದಿ ಉಜ್ಜಿ. ಕ್ರೋಮಿಗಿಂತ ಅಲ್ಯುಮಿನಿಯಂ ಮೆತ್ತಗಿರುವುದರಿಂದ ಗೀರು ಬೀಳದು, ತುಕ್ಕು ಕಳಚುತ್ತದೆ. ಪೇಂಟ್ ಇರುವ ಭಾಗಕ್ಕೆ ತಾಗಿಸಬೇಡಿ. ಫಾಯಿಲ್ ಕತ್ತರಿಸಿದರೆ ಕತ್ತರಿ ಹರಿತವಾಗುತ್ತದೆ ಎಂಬುದು ಮಾತ್ರ ಅರ್ಧ ನಿಜ. ಮೆತ್ತನೆ ಲೋಹ ಉಕ್ಕನ್ನು ಮಸೆಯಲಾರದು. ಅಂಚಿನ ಸಣ್ಣ ಸೊಟ್ಟ, ಅಂಟಿದ ಗೋಂದು ಹೋಗಬಹುದು. ಮೊಂಡಾದ ಕತ್ತರಿ ಸಾಣೆಯವರ ಹತ್ತಿರವೇ ಹೋಗಬೇಕು.

ಇದು ವಿದ್ಯುತ್ ಹರಿಸುವ ಲೋಹ. ರಿಮೋಟಿನ ಸ್ಪ್ರಿಂಗ್ ಸಡಿಲವಾಗಿ ಸೆಲ್ ತಾಗದಿದ್ದರೆ ನಾಲ್ಕು ಮಡಿಕೆ ಫಾಯಿಲ್ ತುಂಡು ಸಿಕ್ಕಿಸಿ ತತ್ಕಾಲಕ್ಕೆ ನಡೆಸಬಹುದು. ಸೆಲ್ಲಿನ ಎರಡೂ ತುದಿಗೆ ಒಟ್ಟಿಗೆ ತಾಗಬಾರದು. ರೇಡಿಯೋ ಅಲೆಗಳನ್ನೂ ಹಾಳೆ ತಡೆಯುತ್ತದೆ. ಮುಟ್ಟಿಸಿದರೆ ಸಾಕು, ಪಿನ್ ಇಲ್ಲದೆ 5,000 ರೂಪಾಯಿವರೆಗೆ ಹಣ ಕೊಡುವ ಬ್ಯಾಂಕ್ ಕಾರ್ಡನ್ನು ಫಾಯಿಲಿನಲ್ಲಿ ಸುತ್ತಿಟ್ಟರೆ ಪರ್ಸಿನೊಳಗಿರುವಾಗ ಯಾವ ಯಂತ್ರಕ್ಕೂ ಅದು ಕಾಣದು. ಅತ್ತಿಬೆಲೆ ಟೋಲಿನಲ್ಲಿ ಫಾಸ್ಟ್ಯಾಗ್ ಪದೇ ಪದೇ ಓದದಿದ್ದರೆ ಗಾಜಿಗೆ ಲೋಹದ ಲೇಪವಿರುವ ಫಿಲ್ಮ್ ಹಾಕಿಸಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.

ಮಾಡಬಾರದ್ದು

ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಬೇಗಡೆ ತುರುಕುವ ಚಾಳಿ ಇನ್ನೂ ಪೂರಾ ಹೋಗಿಲ್ಲ. ಫ್ಯೂಸ್ ತಂತಿಯ ಕೆಲಸ ಸರಿಯಾದ ಹೊತ್ತಿಗೆ ಕರಗಿ ಸಾಯುವುದು. ಅಂದಾಜಿನ ಬೇಗಡೆ ಕರಗದೆ ನಿಂತರೆ ಗೋಡೆಯೊಳಗಿನ ವೈರೇ ಕರಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಮುದುರಿದ ಫಾಯಿಲಿನ ಅಂಚಿನಿಂದ ಕಿಡಿ ಹಾರುತ್ತದೆ. ಇಂಡಕ್ಷನ್ ಒಲೆಯ ಮೇಲೆ ತೆಳು ಹಾಳೆ ಕ್ಷಣದಲ್ಲಿ ಕೆಂಡದಂತೆ ಕಾಯುತ್ತದೆ. ಗ್ಯಾಸ್ ಬರ್ನರಿನ ಸುತ್ತ ಕೊಳೆಯಾಗದಿರಲೆಂದು ಹಾಸಿದ ಫಾಯಿಲ್ ಗಾಳಿಯ ದಾರಿ ಮುಚ್ಚಿದರೆ ಉರಿ ಕೆಂಪಾಗಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ.

ಇನ್ನು ಊಟದ ಮಾತು. ಅಲ್ಯುಮಿನಿಯಂ ಗಾಳಿಗೆ ತೆರೆದ ಕೂಡಲೇ ಮೈಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಅದು ತುಕ್ಕು ಹಿಡಿಯದಿರುವುದು ಆ ಪೊರೆಯಿಂದಲೇ. ಹುಣಸೆ, ನಿಂಬೆ, ಟೊಮೆಟೊ, ಮೊಸರಿನ ಹುಳಿ ಆ ಪೊರೆಯನ್ನು ಕರಗಿಸುತ್ತದೆ. ಉಪ್ಪು ಅದಕ್ಕೆ ನೆರವಾಗುತ್ತದೆ. ಪುಳಿಯೋಗರೆಯನ್ನು ಫಾಯಿಲಿನಲ್ಲಿ ಕಟ್ಟಿ ರಾತ್ರಿ ಇಟ್ಟು ಬೆಳಿಗ್ಗೆ ಬಿಚ್ಚಿದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿತೂತುಗಳು ಕಂಡಾವು. ತೂತಿನ ಲೋಹ ಹೋದದ್ದು ಅನ್ನಕ್ಕೇ. ಸ್ಟೀಲ್ ಪಾತ್ರೆಯ ಹುಳಿಸಾರಿಗೆ ತಾಗುವಂತೆ ಫಾಯಿಲ್ ಮುಚ್ಚಿದರೆ ಇನ್ನೂ ಬೇಗ: ಎರಡು ಲೋಹ, ನಡುವೆ ಉಪ್ಪುಹುಳಿಯ ರಸ, ಒಂದು ಪುಟ್ಟ ಬ್ಯಾಟರಿಯೇ ತಯಾರು.

ಇದರಿಂದ ಮರೆವಿನ ರೋಗ ಬರುತ್ತದೆಂದು ಹೆದರಿಸುವವರಿದ್ದಾರೆ. ಅಲ್ಯುಮಿನಿಯಂ ಪಾತ್ರೆ, ಹಾಳೆಗಳಿಂದ ಆಲ್ಜೈಮರ್ಸ್ ಬರುತ್ತದೆಂದು ಸಾಬೀತಾಗಿಲ್ಲ. ಆಹಾರದ ಜೊತೆ ಹೊಟ್ಟೆಗೆ ಹೋದ ಅಲ್ಯುಮಿನಿಯಂನಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ, ಸೇರಿದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಈ ಸಮಾಧಾನ ಸಲ್ಲದು, ಅವರು ಎಚ್ಚರ ವಹಿಸಬೇಕು. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2008ರಲ್ಲಿ ಹಾಕಿದ ಮಿತಿ, ವಾರಕ್ಕೆ ಮೈತೂಕದ ಪ್ರತಿ ಕಿಲೋಗೆ ಒಂದು ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಇಡಬೇಡಿ ಎಂದಿದೆ. ಚಪಾತಿ, ಇಡ್ಲಿ, ಒಣಪಲ್ಯಕ್ಕೆ ಫಾಯಿಲ್ ಸರಿ. ಹುಳಿಯಿರುವುದಕ್ಕೆ ಬಾಳೆಎಲೆ ಇಲ್ಲವೇ ಸ್ಟೀಲ್ ಡಬ್ಬಿ. ಫಾಯಿಲ್ ಸುತ್ತಲೇಬೇಕಿದ್ದರೆ ಒಳಗೊಂದು ಬಾಳೆಎಲೆ ಹಾಸಿ.

ಗುಜರಿಗೆ ಯೋಗ್ಯ

ಹಳೆಯ ಅಲ್ಯುಮಿನಿಯಂ ಕರಗಿಸಿ ಮತ್ತೆ ಬಳಸಲು ಬೇಕಾಗುವ ಶಕ್ತಿ, ಅದುರಿನಿಂದ ಹೊಸದಾಗಿ ತೆಗೆಯುವುದರ ಶೇಕಡಾ 5ರಷ್ಟು ಮಾತ್ರ. ಆದರೂ ಫಾಯಿಲ್ ಹೆಚ್ಚಾಗಿ ಕಸಕ್ಕೇ ಹೋಗುತ್ತದೆ, ಕಾರಣ ಎರಡು. ಜಿಡ್ಡು ಮೆತ್ತಿದ ಹಾಳೆಯನ್ನು ಯಾರೂ ಮುಟ್ಟರು. ತುಂಡು ತುಂಡಾದ ಹಾಳೆ ಕುಲುಮೆಯಲ್ಲಿ ಕರಗುವ ಮುಂಚೆಯೇ ಉರಿದು ಬೂದಿಯಾಗುವುದೂ ಉಂಟು. ಎರಡಕ್ಕೂ ಮದ್ದು ಮನೆಯಲ್ಲೇ ಇದೆ. ಬಿರಿಯಾನಿ ಡಬ್ಬಿಯನ್ನು ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಜಾಲಿಸಿ. ತುಂಡು ಹಾಳೆಗಳನ್ನೆಲ್ಲ ಒಂದಕ್ಕೊಂದು ಒತ್ತುತ್ತ ಕ್ರಿಕೆಟ್ ಚೆಂಡಿನಷ್ಟು ದೊಡ್ಡ ಗಟ್ಟಿ ಉಂಡೆ ಮಾಡಿ. ಆಗ ಅದು ಗುಜರಿಯವರ ತಕ್ಕಡಿಗೆ ಯೋಗ್ಯವಾದ ಲೋಹ. ಹಿಚುಕಿದಾಗ ಅರಳಿಕೊಂಡ ಚಿಪ್ಸ್ ಪೊಟ್ಟಣ, ಸಾಂಬಾರಿನ ಕವರು ಇದರ ಜೊತೆ ಸೇರಬಾರದು.

ರೋಲಿನಿಂದ ಹಾಳೆ ಹರಿಯುವ ಮುಂಚೆ ಈ ಕೆಲಸಕ್ಕೆ ಇದರ ಮೂರು ಗುಣಗಳಲ್ಲಿ ಯಾವುದಾದರೂ ಬೇಕೇ ಎಂದು ಕೇಳಿಕೊಳ್ಳಿ. ಬೇಕಿದ್ದರೆ ಧಾರಾಳವಾಗಿ ಹರಿಯಿರಿ. ಸುಮ್ಮನೆ ಸುತ್ತುವುದಕ್ಕಷ್ಟೇ ಆದರೆ ಬಾಳೆಎಲೆ ಸಾಕು, ಅದಕ್ಕೆ ಕರೆಂಟು ಬೇಡ, ಎಸೆದರೆ ಹಸುವೂ ತಿನ್ನುತ್ತದೆ.